ಪ್ರತಿಕ್ರಿಯೆ: ಕಿವುಡ ತಮ್ಮನನ್ನು ಮೆಜೆಸ್ಟಿಕ್‌ನಿಂದ ಠಾಣೆಗೆ ಕರೆದೊಯ್ದಿದ್ದಾರೆ, ಏನು ಮಾಡಲಿ?

ಹಿಂದಿನಿಂದ ಕೂಗಿದಾಗ ನಿಮ್ಮ ತಮ್ಮ ನಿಲ್ಲದಿದ್ದುದನ್ನು ಉದ್ಧಟತನವೆಂದೂ, ಬಳಿಕ ಕೈಸನ್ನೆ ಮಾಡಿದ್ದನ್ನು ಪ್ರತಿರೋಧವೆಂದೂ ಪೊಲೀಸರು ಭಾವಿಸಿರುವ ಸಾಧ್ಯತೆಯೇ ಹೆಚ್ಚು.

ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿಯೊಂದಿಗೆ ಈಗಲೇ ಠಾಣೆಗೆ ಹೋಗಿ, ಇದು ಬಂಧನವೋ ಬರಿಯ ವಿಚಾರಣೆಯೋ ಎಂದು ಕೇಳಿ. ಬಂಧನವಾದರೆ ಅದರ ಕಾರಣಗಳನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆದರೆ ಸಂಜ್ಞಾ ಭಾಷೆಯಲ್ಲೇ ಬೆಳೆದವರಿಗೆ ಕನ್ನಡದ ಬರಹ, ಅದರಲ್ಲೂ ಠಾಣೆಯ ಕನ್ನಡ, ಅರ್ಥವಾಗುತ್ತದೆ ಎನ್ನುವಂತಿಲ್ಲ. ಆದ್ದರಿಂದ ಸಂಜ್ಞಾ ಭಾಷಾಂತರಕಾರರನ್ನು ಕರೆಸಬೇಕು, ಕೈಗಳನ್ನು ಕಟ್ಟಬಾರದು, ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಿಸಬಾರದು ಎಂದು ಇನ್‌ಸ್ಪೆಕ್ಟರ್‌ಗೆ ಮನವಿ ಬರೆದುಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ರಾತ್ರಿ ಹೊತ್ತಿನಲ್ಲಿ ಭಾಷಾಂತರಕಾರರು ಸಿಕ್ಕೇ ಸಿಗುತ್ತಾರೆಂಬ ಭರವಸೆ ಕೊಡಲಾರೆ. ವಿಡಿಯೋ ಕರೆಯ ಮೂಲಕವಾದರೂ ಸರಿ ಎಂದು ಅದರಲ್ಲೇ ಸೇರಿಸಿ.

ಹೇಳಿಕೆಯ ಮಟ್ಟಿಗೆ ನೀವೇ ಭಾಷಾಂತರಕ್ಕೆ ನಿಲ್ಲಬೇಡಿ, ಮುಂದೆ ಅದನ್ನು ಪ್ರಶ್ನಿಸಬಹುದು. 'ನೋಡುತ್ತಿದ್ದೇನೆ' ಎಂಬರ್ಥದಲ್ಲಿ ಕಿವುಡರು ತಲೆಯಾಡಿಸುವುದುಂಟು, ಅದು ಬರಹದಲ್ಲಿ 'ಒಪ್ಪಿಕೊಂಡನು' ಎಂದಾಗಿಬಿಡುತ್ತದೆ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವಾದರೂ, ಅಂಥ ಸಾಲು ಕಡತದಲ್ಲಿ ಇರದಿರುವುದೇ ಒಳ್ಳೆಯದು.

ಜೊತೆಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ ವಕೀಲರನ್ನು ಕೇಳಿ. ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಬಂಧಿಸಿದ್ದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಭಾಷಾಂತರಕಾರರಿಲ್ಲದೆ ವಿಚಾರಣೆ ನಡೆದಿದ್ದರೆ ಅದನ್ನು ಅಲ್ಲಿ ವಕೀಲರ ಮೂಲಕ ದಾಖಲಿಸಿ, ಮೊಹರಿನ ಪ್ರತಿಯನ್ನೂ ಸಲ್ಲಿಸಿ.