ಎಂಜಿನಿಯರ್ ಬರೆದ ಕೈಪಿಡಿಯನ್ನು ತಿದ್ದುವುದು ಹೇಗೆ?

ಹಸಿ ಅಡಿಕೆ ಸುಲಿಯುವ ಯಂತ್ರದ ಕೈಪಿಡಿ ತಿದ್ದಲು ಬಂದಿದೆ, ‘ಸ್ಪಷ್ಟವಾಗಿಲ್ಲ’ ಎಂದು ಬರೆದು ಕಳಿಸಿದರೆ ಎಂಜಿನಿಯರುಗಳು ಎರಡು ಪದ ಬದಲಿಸಿ ವಾಪಸ್ ಕೊಡುತ್ತಾರೆ ಅಂದಿದ್ದೀರಿ. ಅವರನ್ನು ಬೈದು ಪ್ರಯೋಜನವಿಲ್ಲ. ಓದುವವನು ಏನು ಮಾಡಲು ಹೋಗಿ ಎಲ್ಲಿ ಸಿಕ್ಕಿಕೊಳ್ಳುತ್ತಾನೆ ಅಂತ ನೀವು ಬರೆಯದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

‘ವೋಲ್ಟೇಜ್ ಸಮರ್ಪಕವಾಗಿರತಕ್ಕದ್ದು’ ಅಂತ ಇದೆ ಅಂದುಕೊಳ್ಳಿ. ‘ಭಾಷೆ ಸರಳ ಮಾಡಿ’ ಎಂದರೆ ‘ವೋಲ್ಟೇಜ್ ಸರಿಯಾಗಿರಬೇಕು’ ಅಂತ ಬರುತ್ತದೆ. ಅಡಿಕೆ ಕೊನೆಕೊಯ್ಲಿನ ಸಂಜೆ, ಹೊಸನಗರ ಕಡೆಯ ಹಳ್ಳಿಯಲ್ಲಿ ಎಲ್ಲರ ಯಂತ್ರವೂ ಒಟ್ಟಿಗೆ ಓಡಿ ವೋಲ್ಟೇಜ್ ಇಳಿದಾಗ, ಇದರಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ಕೇಳಿ: ಎಷ್ಟು ವೋಲ್ಟಿಗಿಂತ ಕೆಳಗಿಳಿದರೆ ನಿಲ್ಲಿಸಬೇಕು? ಅದನ್ನು ಎಲ್ಲಿ ನೋಡಬೇಕು? ನಿಲ್ಲಿಸದಿದ್ದರೆ ಏನಾಗುತ್ತದೆ? ಇಂಡಕ್ಷನ್ ಮೋಟರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 230ರ ಜಾಗದಲ್ಲಿ 180 ಬಂದರೆ ಉಳಿಯುವುದು ಸುಮಾರು ಶೇಕಡ 61. ಕಾಯಿ ಸಿಕ್ಕಿ ಮೋಟರ್ ತಿರುಗದೆ ನಿಂತು, ಕರೆಂಟ್ ಹರಿಯುತ್ತಲೇ ಇದ್ದರೆ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಡುತ್ತದೆ. ಎಂಜಿನಿಯರಿಗೆ ಇದೆಲ್ಲ ಬಾಯಿಪಾಠ, ಅದಕ್ಕೇ ಬರೆದಿರುವುದಿಲ್ಲ.

ಅಂಕಿಗಳನ್ನು ಮಾತ್ರ ನೀವೇ ತಿದ್ದಬೇಡಿ, ತಪ್ಪು ಕಣ್ಣಿಗೆ ಹೊಡೆಯುವಂತಿದ್ದರೂ. ‘ಪುಟ 4ರಲ್ಲಿ 1 ಎಚ್‌ಪಿ, ಪುಟ 11ರಲ್ಲಿ 1.5 ಕಿಲೋವ್ಯಾಟ್. 1 ಎಚ್‌ಪಿ ಅಂದರೆ 746 ವ್ಯಾಟ್ ಅಲ್ಲವೇ? ಯಾವುದು ಸರಿ?’ ಎಂದು ಟಿಪ್ಪಣಿ ಹಾಕಿ.

ಮೊದಲ ಸುತ್ತಿನಲ್ಲಿ ಕಾಗುಣಿತ ಮುಟ್ಟಬೇಡಿ. ನೀವು ತಿದ್ದಿದ ಪ್ಯಾರಾವೇ ಮುಂದೆ ಹಾರಿಹೋಗಬಹುದು. ಮೇಲಾಗಿ ಪುಟವೆಲ್ಲ ಕೆಂಪಾದರೆ ಮುಖ್ಯವಾದ ಒಂದು ಮಾತು ಅದರಲ್ಲಿ ಮುಚ್ಚಿಹೋಗುತ್ತದೆ. ಮೊದಲ ಸುತ್ತಿನಲ್ಲಿ ನೋಡಬೇಕಾದ್ದು ಹಂತಗಳ ಕ್ರಮ. ‘ಬ್ಲೇಡ್ ಬಿಚ್ಚಿ. ಅದಕ್ಕೂ ಮೊದಲು ಪ್ಲಗ್ ತೆಗೆದಿರಬೇಕು’ ಅಂತಿದ್ದರೆ, ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಕೈ ಒಳಗಿರುತ್ತದೆ. ಒಂದೇ ಭಾಗಕ್ಕೆ ಒಂದು ಪುಟದಲ್ಲಿ ಬ್ಲೇಡ್, ಇನ್ನೊಂದರಲ್ಲಿ ಅಲಗು, ಮತ್ತೊಂದರಲ್ಲಿ ಕತ್ತಿ ಅಂತಿದ್ದರೆ ಬೆಳೆಗಾರ ಮೂರು ಭಾಗ ಹುಡುಕುತ್ತಾನೆ. ಬಿಡಿಭಾಗದ ಅಂಗಡಿಯಲ್ಲಿ ಕೇಳುವ ಹೆಸರನ್ನೇ ಎಲ್ಲ ಕಡೆ ಇಡಿ.

ಪ್ರತಿ ಟಿಪ್ಪಣಿಯ ತಲೆಗೆ ‘ಕಡ್ಡಾಯ’, ‘ಪ್ರಶ್ನೆ’, ‘ನನ್ನ ರುಚಿ’ ಅಂತ ಗುರುತು ಹಾಕಿ. ಮೂರನೆಯದನ್ನು ಅವರು ಬಿಟ್ಟರೂ ಜಗಳ ಬೇಡ. ಶೈಲಿಯ ಬಗ್ಗೆ ನಾವು ಬರೆಯುವುದರಲ್ಲಿ ಬಹುಪಾಲು ಈ ಗುಂಪಿನದೇ.

ಕೊನೆಗೆ, ಆ ಯಂತ್ರ ಮುಟ್ಟದವರೊಬ್ಬರ ಕೈಗೆ ಕರಡು ಕೊಟ್ಟು, ಪ್ಲಗ್ ತೆಗೆದಿಟ್ಟು, ಬ್ಲೇಡ್ ಬದಲಿಸುವ ಹಂತಗಳನ್ನು ಮಾಡಿಸಿ. ಎಂಜಿನಿಯರ್ ಪಕ್ಕದಲ್ಲೇ ಇರಲಿ, ಬಾಯಿ ಬಿಡಬಾರದು ಅಷ್ಟೆ. ತಡೆಯಲಾರದೆ ‘ಅಲ್ಲ ಮಾರಾಯ, ಆ ಬೋಲ್ಟ್ ಅಲ್ಲ’ ಅಂದರೆ, ಆ ಹಂತಕ್ಕೆ ಚಿತ್ರ ಬೇಕು ಅಂತ ಅಲ್ಲೇ ಗುರುತು ಮಾಡಿಕೊಳ್ಳಿ.