ಸಿಇಟಿ ತೆಗೆದು ಪಿಯುಸಿ ಅಂಕದ ಮೇಲೇ ಇಂಜಿನಿಯರಿಂಗ್ ಸೀಟು ಕೊಟ್ಟರೆ ಬಡ ಮಕ್ಕಳಿಗೆ ಅನುಕೂಲವೇ?

ಸುಮ್ನೆ ಸಿಇಟಿ ತೆಗೆದರೆ ಜಾಸ್ತಿ ಏನೂ ಬದಲಾಗುವುದಿಲ್ಲ. ಈಗಲೂ ರ್‍ಯಾಂಕ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಕೋಚಿಂಗ್ ಕೊಡುವ ದುಬಾರಿ ಕಾಲೇಜುಗಳು ಪಿಯುಸಿ ಅಂಕವನ್ನೂ ಚೆನ್ನಾಗಿಯೇ ತೆಗೆಸುತ್ತವೆ, ಅಲ್ವಾ?

ತಮಿಳುನಾಡನ್ನೇ ನೋಡಿ. ಅಲ್ಲಿ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ 2007ರಲ್ಲೇ ನಿಂತಿತು. ಆದರೂ ಸರ್ಕಾರಿ ಶಾಲೆಯ ಮಕ್ಕಳು ಹಿಂದೆಯೇ ಉಳಿದರು. ಹಾಗಾಗಿ 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ. 7.5 ಸೀಟು ಮೀಸಲಿಟ್ಟರು. 2020ರಲ್ಲಿ ವೈದ್ಯಕೀಯಕ್ಕೆ, ಮರುವರ್ಷ ಇಂಜಿನಿಯರಿಂಗ್‌ಗೆ. ನನಗೆ ಹಿಡಿಸಿದ್ದು ಈ ದಾರಿ.

ನಮ್ಮಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5 ಇದೆ. ಒಳ್ಳೆಯದೇ. ಆದರೆ ಗ್ರಾಮೀಣ ಕೋಟಾ ನೋಡುವುದು 1ರಿಂದ 10ನೇ ತರಗತಿವರೆಗೆ ಓದಿದ ಶಾಲೆ ಎಲ್ಲಿತ್ತು ಎಂದು, ಯಾರದಾಗಿತ್ತು ಎಂದಲ್ಲ. ಹಳ್ಳಿಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಹುಡುಗನಿಗೂ ಅದು ಸಿಗಬಹುದು. ಬೆಂಗಳೂರಿನ ಕೊಳೆಗೇರಿಯಿಂದ ಸರ್ಕಾರಿ ಶಾಲೆಗೆ ಹೋದ ಹುಡುಗಿಗೆ ಸಿಗುವುದಿಲ್ಲ. ಮೊದಲು ಸರಿಮಾಡಬೇಕಾದ್ದು ಇದನ್ನು. ಜೊತೆಗೆ ಸರ್ಕಾರಿ ಪಿಯು ಕಾಲೇಜುಗಳಿಗೆ ಕಾಯಂ ಗಣಿತ ಉಪನ್ಯಾಸಕರು ಬೇಕು. ಇಲ್ಲದಿದ್ದರೆ ಸೀಟು ಸಿಕ್ಕವರೂ ಮೊದಲ ಸೆಮಿಸ್ಟರ್‌ನಲ್ಲೇ ಒದ್ದಾಡುತ್ತಾರೆ.