ಮಗುವನ್ನೇ ಮಾತಾಡಿಸಿ

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಅಣ್ಣನ ಮಗಳಿಗೆ ನಾಲ್ಕು ವರ್ಷ, ಡೌನ್ ಸಿಂಡ್ರೋಮ್ ಇದೆ. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅಂತ ಜನ ಅತ್ತಿಗೆಯನ್ನು ಆಡಿಕೊಳ್ಳುತ್ತಾರೆ. ಅವರು ಮಗುವನ್ನು ಮದುವೆ, ಹಬ್ಬ ಅಂತ ಎಲ್ಲಿಗೂ ಕರೆತರುವುದಿಲ್ಲ. ಊರಿನವರಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ಮೊದಲು ಅತ್ತಿಗೆಗೆ ಹೇಳಿ, ಇದರಲ್ಲಿ ಅವರ ತಪ್ಪು ಚೂರೂ ಇಲ್ಲ. ಗ್ರಹಣಕ್ಕೂ ನಾಗದೋಷಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆಗಳು) ಜೋಡಿ ಜೋಡಿಯಾಗಿ ಇರುತ್ತವೆ. ಈ ಮಕ್ಕಳಲ್ಲಿ ಸಾಮಾನ್ಯವಾಗಿ 21ನೆಯದು ಎರಡರ ಬದಲು ಮೂರಿದ್ದು ಒಟ್ಟು 47 ಆಗುತ್ತದೆ. ಇದು 1959ರಲ್ಲೇ ಗೊತ್ತಾದ ವಿಷಯ. ಹೆಚ್ಚಿನವರಲ್ಲಿ ಇದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ, ಆಮೇಲೆ ಬಸುರಿ ಏನು ತಿಂದಳು, ಎಲ್ಲಿ ಓಡಾಡಿದಳು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಆಡಿಕೊಳ್ಳುವವರಿಗೆ ಇಷ್ಟನ್ನು ನೀವೇ ಹೇಳಿ, ಅತ್ತಿಗೆ ಮೇಲೆ ಬಿಡಬೇಡಿ.

ಊರಿಗೆಲ್ಲ ಭಾಷಣ ಬೇಡ. ಅತ್ತಿಗೆ ಒಪ್ಪಿದರೆ ಮುಂದಿನ ಬಂಡಿ ಹಬ್ಬಕ್ಕೆ ಮಗುವನ್ನು ನೀವೇ ಕೈಹಿಡಿದು ಕರೆದುಕೊಂಡು ಹೋಗಿ. ನೆಂಟರು ಏನು ಮಾಡುತ್ತಾರೆ ಗೊತ್ತಲ್ವಾ, ಮಗು ಎದುರಿಗೇ ನಿಂತಿದ್ದರೂ ‘ಇದಕ್ಕೆ ಊಟ ಆಯ್ತಾ?’ ಅಂತ ತಾಯಿಯನ್ನು ಕೇಳುತ್ತಾರೆ. ‘ಅವಳನ್ನೇ ಕೇಳಿ’ ಅನ್ನಿ. ಕೇಳಿದ ಮೇಲೆ ಸ್ವಲ್ಪ ಕಾಯಬೇಕು. ಈ ಮಕ್ಕಳ ಬಾಯಿ, ನಾಲಿಗೆಯ ಸ್ನಾಯು ಸಡಿಲವಾಗಿರುವುದರಿಂದ ಮಾತು ತಡವಾಗುತ್ತದೆ, ಆದರೆ ಆಡುವುದಕ್ಕಿಂತ ಜಾಸ್ತಿ ಅರ್ಥವಾಗಿರುತ್ತದೆ. ತಲೆ ಆಡಿಸಿದರೂ ಅದು ಉತ್ತರವೇ. ಊಟದ ಪಂಕ್ತಿಯಲ್ಲಿ ಬಾಳೆಎಲೆ ಹಂಚುವ ಕೆಲಸ ಕೊಡಿ, ಉಳಿದ ಮಕ್ಕಳು ತಾವಾಗೇ ಜೊತೆಗೆ ಸೇರಿಕೊಳ್ಳುತ್ತಾರೆ. ‘ದೇವರ ಮಗು, ಪಾಪ’ ಅನ್ನುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಪಾಪ ಅಂದುಕೊಂಡವರು ಯಾರೂ ಆಟಕ್ಕೆ ಕರೆಯುವುದಿಲ್ಲ.

ಅಂಗನವಾಡಿಗೆ ಸೇರಿಸಿಲ್ಲದಿದ್ದರೆ ಈಗಲೇ ಸೇರಿಸಿ. ಅಲ್ಲಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ತಪಾಸಣೆಗೆ ಬರುತ್ತಾರೆ. ಇಂಥ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಲ್ಲ ಅಂದರೆ ತಡ ಮಾಡಬೇಡಿ. ಥೈರಾಯ್ಡ್, ಕಿವಿ, ಕಣ್ಣು ಆಗಾಗ ತೋರಿಸುತ್ತಿರಿ. ಕಿವಿ ಸರಿಯಾಗಿ ಕೇಳಿಸದೆ ಮಾತು ಹಿಂದೆ ಬಿದ್ದಿದ್ದನ್ನು ಸುಮ್ನೆ ‘ಬುದ್ಧಿ ಕಮ್ಮಿ’ ಅಂದುಬಿಡುವುದು ಅನ್ಯಾಯ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಶಾಲೆಯಲ್ಲಿ ಕಾರ್ಯಕ್ರಮ ಮಾಡುವುದಾದರೆ ಅತ್ತಿಗೆಯನ್ನು ಕೇಳಿಯೇ ಮಾಡಿ, ಮಗುವನ್ನು ವೇದಿಕೆ ಮೇಲೆ ನಿಲ್ಲಿಸಿ ತೋರಿಸಬೇಡಿ.

ಇನ್ನು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿದ್ದೀರಾ? ಅದಿದ್ದರೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಅರ್ಜಿಗೆ ಅಣ್ಣನಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಓಡಾಡಿ.